ಬೇರಿಗೆ ಔಷಧ ಉಣಿಸಿದ ಸುಬ್ಬರಾವ್

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟದವರು ಒಂದು ಚಿಕಿತ್ಸೆಯನ್ನು ಬಲ್ಲರು. ಹುಳುವಿನ ಬಾಧೆ ಒಂದೆರಡು ಗರಿಗಳಲ್ಲಿದ್ದರೆ ಅವನ್ನು ಕಡಿದು ಸುಡುತ್ತಾರೆ. ಮರವಿಡೀ ವ್ಯಾಪಿಸಿದರೆ ಎಳೆಯ ಬೇರೊಂದನ್ನು ಓರೆಯಾಗಿ ಕತ್ತರಿಸಿ, ಔಷಧದ ಚೀಲವನ್ನು ಅದಕ್ಕೆ ಕಟ್ಟುತ್ತಾರೆ. ಮರವೇ ಅದನ್ನು ಹೀರಿ ತುದಿಗೆ ಮುಟ್ಟಿಸುತ್ತದೆ.

ನನ್ನ ದೊಡ್ಡಮ್ಮನ ಸ್ತನ ಕ್ಯಾನ್ಸರ್ ಯಕೃತ್ತಿಗೆ ಹರಡಿದೆಯೆಂದು ತಿಳಿದಾಗ ನಮಗೆ ಈ ವಿವೇಕ ಹೊಳೆಯಲಿಲ್ಲ. ಹರಡಿದೆ ಎಂಬ ಶಬ್ದ ಕಿವಿಗೆ ಬಿದ್ದೊಡನೆ, ಮುಂದೇನು ಎಂದು ವೈದ್ಯರನ್ನು ಕೇಳದೆ ಅವರನ್ನು ಊರಿಗೆ ಕರೆತಂದೆವು. ಅವರಿಗೆ ವಿಷಯವನ್ನೂ ತಿಳಿಸಲಿಲ್ಲ. ಯೆಲ್ಲಾಪ್ರಗಡ ಸುಬ್ಬರಾವ್ ಅವರ ಜೀವನವನ್ನು ಓದುವಾಗಲೆಲ್ಲ ಆ ದಿನ ನನ್ನನ್ನು ಕಾಡುತ್ತದೆ.

ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮವರಂನಲ್ಲಿ. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಇಬ್ಬರು ಸೋದರರನ್ನು ಬಲಿ ತೆಗೆದುಕೊಂಡಿತು. ಮದ್ರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟು ಪ್ರಾಧ್ಯಾಪಕರ ಅವಕೃಪೆಗೆ ಒಳಗಾದ ಅವರಿಗೆ ದಕ್ಕಿದ್ದು ಕೆಳದರ್ಜೆಯ ಪದವಿ. 1923ರಲ್ಲಿ ಅಮೆರಿಕದ ಹಾರ್ವರ್ಡ್ ಸೇರಿದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ರಾಸಾಯನಿಕವನ್ನು ಸೈರಸ್ ಫಿಸ್ಕೆ ಅವರೊಡನೆ ಗುರುತಿಸಿದರೂ ಅಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಲೆಡರ್ಲೆ ಔಷಧ ಸಂಸ್ಥೆಗೆ ಹೋದರು.

ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ವಿಭಜನೆಗೊಳ್ಳುವ ಜೀವಕೋಶಗಳಿಗೆ ಬೇಕೇ ಬೇಕಾದ ಜೀವಸತ್ವ ಇದು. ಅದನ್ನೇ ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ಅಮಿನಾಪ್ಟೆರಿನ್‌ ಅನ್ನೂ ಆ ತಂಡವೇ ಸಿದ್ಧಪಡಿಸಿತು. ರಕ್ತ ಕ್ಯಾನ್ಸರಿನಲ್ಲಿ ಕತ್ತರಿಸಿ ತೆಗೆಯಲು ಗಂಟೇ ಇರುವುದಿಲ್ಲ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಈ ಔಷಧವನ್ನು ಅಂಥ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ಚೇತರಿಸಿಕೊಂಡರು. ಚೇತರಿಕೆ ತಾತ್ಕಾಲಿಕವಾಗಿತ್ತು, ರೋಗ ಮರಳಿತು. 1948ರ ಜೂನ್‌ನಲ್ಲಿ ಆ ವರದಿ ಪ್ರಕಟವಾಯಿತು. ಆಗಸ್ಟ್‌ನಲ್ಲಿ, 53ರ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು.

ಅವರು ಬಿತ್ತಿದ್ದರ ಫಲ ಅವರ ನಂತರ ಬಂತು. ಅಮಿನಾಪ್ಟೆರಿನ್‌ನ ಸೋದರ ಔಷಧವಾದ ಮೆಥೊಟ್ರೆಕ್ಸೇಟನ್ನು 1956ರಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್, ಮಾಸಿನ ಜೀವಕೋಶಗಳಿಂದ ಹುಟ್ಟಿ ಶ್ವಾಸಕೋಶಕ್ಕೆ ಹರಡಿದ್ದ ಕ್ಯಾನ್ಸರಿಗೆ ಪ್ರಯೋಗಿಸಿದರು. ಗಡ್ಡೆಗಳು ಕರಗಿದವು. ಹರಡಿದ ಗಡ್ಡೆಯ ಕ್ಯಾನ್ಸರೂ ಔಷಧದಿಂದಲೇ ಗುಣವಾಗಬಲ್ಲದೆಂದು ಜಗತ್ತಿಗೆ ತಿಳಿಯಿತು.

ಹಾಗೆಂದು ಎಲ್ಲ ಕ್ಯಾನ್ಸರುಗಳೂ ಅಷ್ಟು ಸುಲಭವಾಗಿ ಮಣಿಯಲಿಲ್ಲ. ಫಾರ್ಬರ್ ಕಂಡ ಮರುಕಳಿಕೆಯೇ ಇಂದಿಗೂ ಮುಖ್ಯ ಸವಾಲು. ಔಷಧಕ್ಕೆ ಬಗ್ಗದ ಕೆಲವೇ ಕೋಶಗಳು ಉಳಿದು ಮತ್ತೆ ಬೆಳೆಯುತ್ತವೆ. ಆದ್ದರಿಂದಲೇ ಹಲವು ಔಷಧಗಳ ಜೋಡಣೆ, ಹಾರ್ಮೋನ್ ಚಿಕಿತ್ಸೆ, ಕೋಶದ ನಿರ್ದಿಷ್ಟ ದೋಷಕ್ಕೆ ಗುರಿಯಿಡುವ ಮಾತ್ರೆಗಳು ಬಂದಿವೆ. ದೇಹದ ರೋಗನಿರೋಧಕ ಶಕ್ತಿಗೆ ಬಿದ್ದ ಕಡಿವಾಣವನ್ನು ಸಡಿಲಿಸುವ ವಿಧಾನಕ್ಕೆ 2018ರ ನೊಬೆಲ್ ಸಂದಿತು. ಹರಡಿದ ಕ್ಯಾನ್ಸರ್ ಬಹಳಷ್ಟು ಜನರಲ್ಲಿ ಪೂರ್ತಿ ಗುಣವಾಗದು. ಆದರೆ ಕೆಲವರಲ್ಲಿ ವರ್ಷಗಟ್ಟಲೆ ಹತೋಟಿಯಲ್ಲಿರುತ್ತದೆ. ಹೊಸ ಔಷಧಗಳ ಬೆಲೆಯಾದರೋ ಕೊಬ್ಬರಿ ಮಾರಿ ಬದುಕುವವರ ಎಟುಕಿಗೆ ಮೀರಿದ್ದು. ಏನೂ ಮಾಡಲಾಗದಿದ್ದಾಗಲೂ ನೋವು ನೀಗಿಸುವ ಉಪಶಾಮಕ ಚಿಕಿತ್ಸೆಯಂತೂ ಇದ್ದೇ ಇದೆ.

ದೊಡ್ಡಮ್ಮ ಬದುಕುತ್ತಿದ್ದರೆಂದು ನಾನು ಹೇಳಲಾರೆ. ಯಾವ ಬಗೆಯ ಕ್ಯಾನ್ಸರ್, ಯಾವ ಔಷಧಕ್ಕೆ ಬಗ್ಗೀತು, ಎಷ್ಟು ಕಾಲ, ಎಷ್ಟು ಖರ್ಚು ಎಂದು ಕೇಳಬಹುದಿತ್ತು. ಅದನ್ನು ಕೇಳಿ ತೀರ್ಮಾನಿಸುವ ಹಕ್ಕು ಅವರದಾಗಿತ್ತು. ತೆಂಗಿನ ಮರಕ್ಕೆ ತೋರುವಷ್ಟು ತಾಳ್ಮೆಯನ್ನು ನಾವು ನಮ್ಮವರಿಗೂ ತೋರಬೇಡವೆ?