ಸಿಡ್ನಿ ರಿಂಗರ್: ಹೃದಯಕ್ಕೊಪ್ಪುವ ನೀರನ್ನು ಕಂಡವರು

ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಸುವ ದ್ರವದ ಬಾಟಲಿಯನ್ನು ನಾವೆಲ್ಲರೂ ನೋಡಿದ್ದೇವೆ. ಅಂಥ ಕೆಲವು ಬಾಟಲಿಗಳ ಮೇಲೆ ರಿಂಗರ್ ಲ್ಯಾಕ್ಟೇಟ್ ಎಂದು ಬರೆದಿರುತ್ತದೆ. ರಿಂಗರ್ ಎಂಬುದು ಮದ್ದಿನ ಹೆಸರಲ್ಲ. ಒಬ್ಬ ಮಹನೀಯರ ಹೆಸರು.

ಸಿಡ್ನಿ ರಿಂಗರ್ ಅವರು 1830ರ ದಶಕದಲ್ಲಿ ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜನಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಅದರ ಆಸ್ಪತ್ರೆಯಲ್ಲಿಯೇ ವೈದ್ಯರೂ ಪ್ರಾಧ್ಯಾಪಕರೂ ಆಗಿ ದುಡಿದರು. 1869ರಲ್ಲಿ ಅವರು ಬರೆದ ಚಿಕಿತ್ಸೆಯ ಕೈಪಿಡಿ ಅನೇಕ ಮುದ್ರಣಗಳನ್ನು ಕಂಡಿತು. ರೋಗಿಗಳ ಸೇವೆಯ ನಡುವೆಯೂ ಬಿಡುವು ಮಾಡಿಕೊಂಡು ಅವರು ಪ್ರಯೋಗಶಾಲೆಗೆ ಹೋಗುತ್ತಿದ್ದರು.

ಕಪ್ಪೆಯ ಹೃದಯವನ್ನು ದೇಹದಿಂದ ಬೇರ್ಪಡಿಸಿದ ಮೇಲೆ ಯಾವ ದ್ರಾವಣದಿಂದ ಅದು ಹೆಚ್ಚು ಹೊತ್ತು ಮಿಡಿಯುವುದೆಂದು ಅವರು ಪರೀಕ್ಷಿಸುತ್ತಿದ್ದರು. 1882ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ್ದೆಂದು ತಿಳಿದಿದ್ದ ದ್ರಾವಣವನ್ನು ಲಂಡನ್ನಿನ ನಲ್ಲಿ ನೀರಿನಲ್ಲಿ ತಯಾರಿಸಲಾಗಿತ್ತು! ಭಟ್ಟಿ ಇಳಿಸಿದ ನೀರಿಗೆ ಬರಿಯ ಉಪ್ಪನ್ನು ಬೆರೆಸಿ ನೋಡಿದಾಗ ಹೃದಯವು ಬೇಗನೆ ಸೋತು ನಿಂತಿತು. ಹಾಗಾದರೆ ನಲ್ಲಿ ನೀರಿನಲ್ಲಿ ಹೆಚ್ಚಾಗಿ ಇದ್ದುದೇನು? ಸುಣ್ಣದಲ್ಲಿರುವ ಕ್ಯಾಲ್ಸಿಯಂ! ರಿಂಗರ್ ಅವರು ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. 1883ರಲ್ಲಿ ಇನ್ನೊಂದು ಲೇಖನವನ್ನು ಬರೆದು ಹಿಂದಿನದನ್ನು ತಾವೇ ತಿದ್ದಿದರು. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಈ ಮೂರೂ ಹದವಾಗಿ ಬೆರೆತರೆ ಮಾತ್ರ ಹೃದಯ ಸರಿಯಾಗಿ ಮಿಡಿಯುವುದೆಂಬ ಸತ್ಯ ಹೀಗೆ ಬೆಳಕಿಗೆ ಬಂತು. 1885ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವ ಅವರಿಗೆ ದೊರೆಯಿತು. 1910ರಲ್ಲಿ ಅವರು ತೀರಿಕೊಂಡರು.

ಮೂತ್ರಪಿಂಡಗಳು ಕೆಟ್ಟವರಿಗೆ ಇಂದು ಮಾಡುವ ಡಯಾಲಿಸಿಸ್ ಚಿಕಿತ್ಸೆಯಲ್ಲಿಯೂ ಇದೇ ಸತ್ಯ ಅಡಗಿದೆ. ತೆಳುಪೊರೆಯ ಒಂದು ಬದಿಯಲ್ಲಿ ರಕ್ತ, ಇನ್ನೊಂದು ಬದಿಯಲ್ಲಿ ಲವಣಗಳು ಬೆರೆತ ದ್ರವ ಹರಿಯುತ್ತವೆ. 4 ಗಂಟೆಗಳ ಒಂದು ಸಲದ ಚಿಕಿತ್ಸೆಗೆ ಸುಮಾರು 120 ಲೀಟರು ದ್ರವ ಬೇಕು. ಅದರಲ್ಲಿ ಪೊಟ್ಯಾಸಿಯಂ ತೀರ ಕಡಮೆಯಾದರೆ ರಕ್ತದಲ್ಲಿಯೂ ಅದು ಒಮ್ಮೆಲೇ ಇಳಿದು ಹೃದಯದ ತಾಳ ತಪ್ಪಬಹುದು. ರಕ್ತದಲ್ಲಿ ಮಿತಿಮೀರಿ ಉಳಿದರೆ ಹೃದಯ ನಿಂತೇ ಹೋಗಬಹುದು. ಕ್ಯಾಲ್ಸಿಯಂ ಕಡಮೆಯಾದರೆ ಮಿಡಿತದ ಬಲ ಕುಗ್ಗಬಹುದು. ಬಹುಕಾಲ ಹೆಚ್ಚಾದರೆ ರಕ್ತನಾಳಗಳಲ್ಲಿ ಸುಣ್ಣ ಕಟ್ಟಬಹುದು. ಆದುದರಿಂದಲೇ ವೈದ್ಯರು ರಕ್ತವನ್ನು ಪರೀಕ್ಷಿಸಿ ರೋಗಿಗೆ ತಕ್ಕ ದ್ರವವನ್ನು ಆರಿಸುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ತಂಪೆಂದು ಭಾವಿಸಿ, ವೈದ್ಯರನ್ನು ಕೇಳದೆ, ಅದನ್ನು ಇಂಥ ರೋಗಿಗಳಿಗೆ ಕುಡಿಸಬಾರದೆಂಬುದನ್ನು ಹೆತ್ತವರೂ ತಿಳಿದಿರಬೇಕು.

ಪ್ರಿಯ ವಿದ್ಯಾರ್ಥಿಗಳೇ, ಪ್ರಯೋಗದ ಫಲ ಪುಸ್ತಕದಲ್ಲಿದ್ದಂತೆ ಬಾರದಿದ್ದರೆ ಅಂಕೆಗಳನ್ನು ಅಳಿಸಿ ಬರೆಯುವವರನ್ನು ನಾವು ಶಿಕ್ಷಕರು ಆಗಾಗ ಕಾಣುತ್ತೇವೆ. ಹಾಗೆ ಮಾಡದೆ ನೀರು ಯಾವುದೆಂದು ಮತ್ತೊಮ್ಮೆ ನೋಡಿರಿ. ರಿಂಗರ್ ಅವರು ಮಾಡಿದ್ದೂ ಅಷ್ಟೇ. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ.