ಆಲ್ಬರ್ಟ್ ಕ್ಲೋಡ್

ಆಲ್ಬರ್ಟ್ ಕ್ಲೋಡ್ (ಮರಣ: ೨೨ ಮೇ ೧೯೮೩) ಬೆಲ್ಜಿಯಂನಲ್ಲಿ ಜನಿಸಿದ ವೈದ್ಯರು ಮತ್ತು ಕೋಶವಿಜ್ಞಾನಿ. ಜೀವಕೋಶವನ್ನು ಒಡೆದು ಅದರ ಘಟಕಗಳನ್ನು ಸೆಂಟ್ರಿಫ್ಯೂಜ್ ಯಂತ್ರದಿಂದ ಬೇರ್ಪಡಿಸುವ ಕ್ರಮವನ್ನು ವ್ಯವಸ್ಥಿತವಾಗಿ ರೂಪಿಸಿದವರು ಇವರು. ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆಗೆ ಸಿದ್ಧಗೊಳಿಸುವ ವಿಧಾನಗಳನ್ನು ಆರಂಭಿಸಿದವರಲ್ಲಿಯೂ ಇವರು ಪ್ರಮುಖರು. ೧೯೭೪ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಜಾರ್ಜ್ ಪಲಾಡೆ ಮತ್ತು ಕ್ರಿಶ್ಚಿಯನ್ ಡಿ ಡುವ್ ಅವರೊಂದಿಗೆ ಹಂಚಿಕೊಂಡರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಕ್ಲೋಡ್ ಅವರು ಬೆಲ್ಜಿಯಂನ ಲಾಂಗ್ಲಿಯೆ ಎಂಬ ಹಳ್ಳಿಯಲ್ಲಿ ಆಗಸ್ಟ್ ೨೪ರಂದು ಜನಿಸಿದರು. ಜನ್ಮವರ್ಷವನ್ನು ಕೆಲವು ಮೂಲಗಳು ೧೮೯೮ ಎಂದೂ ಕೆಲವು ೧೮೯೯ ಎಂದೂ ಕೊಡುತ್ತವೆ. ತಂದೆ ಬ್ರೆಡ್ಡು ತಯಾರಿಸಿ ಮಾರುವ ವೃತ್ತಿಯವರು. ತಾಯಿ ಸ್ತನದ ಕ್ಯಾನ್ಸರಿನಿಂದ ಹಲವು ವರ್ಷ ನರಳಿ, ಮಗ ಏಳು ವರ್ಷದವನಾಗಿದ್ದಾಗ ತೀರಿಕೊಂಡರು.

ಅವರ ಓದು ಆರಂಭವಾದದ್ದು ಒಂದೇ ಕೋಣೆಯ ಹಳ್ಳಿಯ ಶಾಲೆಯಲ್ಲಿ. ಮುಂದೆ ಕಾಯಿಲೆ ಬಿದ್ದ ಚಿಕ್ಕಪ್ಪನ ಶುಶ್ರೂಷೆಗಾಗಿ ಶಾಲೆ ಬಿಡಬೇಕಾಯಿತು. ಅನಂತರ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಗುಪ್ತಚರ ಸೇವೆಗೆ ಸ್ವಯಂಸೇವಕರಾಗಿ ದುಡಿದರು. ಪ್ರೌಢಶಿಕ್ಷಣದ ಪ್ರಮಾಣಪತ್ರವಿಲ್ಲದ ಕಾರಣ ವೈದ್ಯಕೀಯ ವ್ಯಾಸಂಗದ ಬಾಗಿಲು ಅವರಿಗೆ ಮುಚ್ಚಿತ್ತು. ಯುದ್ಧದಲ್ಲಿ ಸೇವೆ ಸಲ್ಲಿಸಿದವರು ಆ ಪ್ರಮಾಣಪತ್ರವಿಲ್ಲದೆಯೂ ಉನ್ನತ ಶಿಕ್ಷಣ ಪಡೆಯಬಹುದೆಂಬ ಕಾನೂನು ಬಂದ ಮೇಲೆ ಲಿಯೇಜ್ ವಿಶ್ವವಿದ್ಯಾಲಯವನ್ನು ಪ್ರವೇಶಿಸಿ, ೧೯೨೮ರಲ್ಲಿ ವೈದ್ಯಕೀಯ ಪದವಿ ಪಡೆದರು.

ರಾಕ್‌ಫೆಲರ್ ಸಂಸ್ಥೆಯಲ್ಲಿ ಸಂಶೋಧನೆ

ಬರ್ಲಿನ್ನಿನಲ್ಲಿ ಸ್ವಲ್ಪ ಕಾಲವಿದ್ದು, ೧೯೨೯ರಲ್ಲಿ ಕ್ಲೋಡ್ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದರು. ಕೋಳಿಯ ಒಂದು ಬಗೆಯ ಗಡ್ಡೆಯನ್ನು ಅರೆದು ಸೋಸಿದ, ಕೋಶಗಳೇ ಇಲ್ಲದ ರಸವೂ ಆರೋಗ್ಯವಂತ ಕೋಳಿಯಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅದೇ ಸಂಸ್ಥೆಯ ಪೇಟನ್ ರೌಸ್ ೧೯೧೧ರಲ್ಲಿ ತೋರಿಸಿದ್ದರು. ಆ ರಸದಲ್ಲಿದ್ದ ರೋಗಕಾರಕವನ್ನು ಶುದ್ಧರೂಪದಲ್ಲಿ ಪಡೆಯುವುದು ಕ್ಲೋಡ್ ಅವರ ಗುರಿಯಾಗಿತ್ತು.

ಇದಕ್ಕಾಗಿ ಅವರು ಗಡ್ಡೆಯ ರಸವನ್ನು ಸೆಂಟ್ರಿಫ್ಯೂಜಿನಲ್ಲಿ ಅತಿವೇಗವಾಗಿ ತಿರುಗಿಸಿದರು. ಭಾರವಾದ ಕಣಗಳು ಮೊದಲು ತಳಕ್ಕಿಳಿಯುತ್ತವೆ. ಮೇಲಿನ ದ್ರವವನ್ನು ತೆಗೆದು ಇನ್ನೂ ಹೆಚ್ಚಿನ ವೇಗದಲ್ಲಿ ತಿರುಗಿಸಿದರೆ ಸಣ್ಣ ಕಣಗಳು ಕೂಡುತ್ತವೆ. ಹೀಗೆ ದೊರೆತ ಗಸಿಯಲ್ಲಿ ರೋಗಕಾರಕ ಶಕ್ತಿಯು ಬಹುಪಾಲು ಸಾಂದ್ರಗೊಂಡಿತ್ತು. ಆದರೆ ಹೋಲಿಕೆಗೆಂದು ಆರೋಗ್ಯವಂತ ಕೋಳಿಭ್ರೂಣದ ಅಂಗಾಂಶವನ್ನು ಇದೇ ಕ್ರಮಕ್ಕೆ ಒಳಪಡಿಸಿದಾಗ ಅಲ್ಲಿಯೂ ಅಂಥವೇ ಕಣಗಳು ಕಂಡುಬಂದವು. ಅವುಗಳಲ್ಲಿ ಪ್ರೋಟೀನು, ಕೊಬ್ಬು ಮತ್ತು ರೈಬೊನ್ಯೂಕ್ಲಿಯಿಕ್ ಆಮ್ಲ ಇದ್ದವು. ಹಾಗಾಗಿ ಗಸಿಯ ಹೆಚ್ಚಿನ ಭಾಗ ವೈರಸ್ಸಲ್ಲ, ಎಲ್ಲ ಕೋಶಗಳಲ್ಲೂ ಇರುವ ಸಹಜ ಘಟಕ ಎಂಬುದು ಸ್ಪಷ್ಟವಾಯಿತು. ಈ ಕಣಗಳಿಗೆ ಕ್ಲೋಡ್ ಮೈಕ್ರೊಸೋಮ್ ಎಂದು ಹೆಸರಿಟ್ಟರು. ಅವರ ಸಂಶೋಧನೆಯು ಕ್ಯಾನ್ಸರಿನಿಂದ ಕೋಶದ ರಚನೆಯ ಕಡೆಗೆ ತಿರುಗಿದ್ದು ಈ ಹೋಲಿಕೆಯ ಪ್ರಯೋಗದಿಂದ.

ಕೋಶವನ್ನು ಅರೆದು ಕಲಸಿದ ಮೇಲೆ ಅದರಿಂದ ತಿಳಿಯುವುದೇನೂ ಉಳಿಯದೆಂದು ಹಲವರು ಆಕ್ಷೇಪಿಸಿದರು. ಇದಕ್ಕೆ ಉತ್ತರವಾಗಿ ಕ್ಲೋಡ್ ಕಟ್ಟುನಿಟ್ಟಾದ ಲೆಕ್ಕವಿಡುವ ಪದ್ಧತಿಯನ್ನು ಅನುಸರಿಸಿದರು. ಅರೆದ ಅಂಗಾಂಶದ ಯಾವ ಭಾಗವನ್ನೂ ಎಸೆಯದೆ, ಮೂಲದಲ್ಲಿದ್ದ ವಸ್ತು ಪ್ರತಿಯೊಂದು ಭಾಗದಲ್ಲಿ ಎಷ್ಟು ದೊರೆಯಿತೆಂದು ಅಳೆದರು. ಜಾರ್ಜ್ ಹೋಗೆಬೂಮ್ ಮತ್ತು ರೋಲಿನ್ ಹಾಚ್‌ಕಿಸ್ ಅವರೊಡನೆ ನಡೆಸಿದ ಅಧ್ಯಯನದಲ್ಲಿ, ಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಆಕ್ಸಿಡೇಸ್ ಎಂಬ ಪ್ರೋಟೀನು ಮೈಟೊಕಾಂಡ್ರಿಯಗಳಲ್ಲಿಯೇ ನೆಲೆಸಿದೆ ಎಂದು ತಿಳಿದುಬಂದಿತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಮಾದರಿಗಳ ಸಿದ್ಧತೆ

ಬೇರ್ಪಟ್ಟ ಕಣಗಳು ಜೀವಂತ ಕೋಶದಲ್ಲಿ ಎಲ್ಲಿದ್ದವು, ಹೇಗಿದ್ದವು ಎಂಬುದನ್ನು ಸಾಮಾನ್ಯ ಸೂಕ್ಷ್ಮದರ್ಶಕವು ತೋರಿಸಲಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಆ ಶಕ್ತಿಯಿದ್ದರೂ ಅದರೊಳಗೆ ಮಾದರಿಯು ನಿರ್ವಾತದಲ್ಲಿರಬೇಕು. ಆದ್ದರಿಂದ ನೀರು ಉಳಿಯುವಂತಿಲ್ಲ. ಎಲೆಕ್ಟ್ರಾನುಗಳು ಹಾದುಹೋಗುವಷ್ಟು ತೆಳುವಾಗಿಯೂ ಇರಬೇಕು. ಒಣಗುವಾಗ ಪ್ರೋಟೀನುಗಳು ಕುಗ್ಗಿ ಆಕಾರ ಕೆಟ್ಟರೆ ಕಾಣುವ ಚಿತ್ರವೂ ಸುಳ್ಳಾಗುತ್ತದೆ.

ಕ್ಲೋಡ್, ಕೀತ್ ಪೋರ್ಟರ್ ಮತ್ತು ಅರ್ನೆಸ್ಟ್ ಫುಲ್ಲಮ್ ಈ ತೊಡಕುಗಳನ್ನು ಸರಳ ಉಪಾಯಗಳಿಂದ ಪರಿಹರಿಸಿಕೊಂಡರು. ಕೋಳಿಭ್ರೂಣದ ಕೋಶಗಳನ್ನು ತೆಳುವಾದ ಪ್ಲಾಸ್ಟಿಕ್ ಪೊರೆಯ ಮೇಲೆ ಬೆಳೆಸಿದರು. ಅವು ಪೊರೆಯ ಮೇಲೆ ಹರಡಿಕೊಂಡು, ಅಂಚುಗಳಲ್ಲಿ ಬಹಳ ತೆಳುವಾಗುತ್ತಿದ್ದವು. ಆಸ್ಮಿಯಮ್ ಟೆಟ್ರಾಕ್ಸೈಡಿನ ಆವಿಯನ್ನು ಹಾಯಿಸಿ ಕೋಶದ ರಚನೆಯನ್ನು ಇದ್ದಂತೆಯೇ ಸ್ಥಿರಗೊಳಿಸಿ, ತೊಳೆದು, ಪೊರೆಯನ್ನು ಲೋಹದ ಸಣ್ಣ ಬಲೆಗೆ ವರ್ಗಾಯಿಸಿ ಒಣಗಿಸಿದರು. ೧೯೪೫ರಲ್ಲಿ ಪ್ರಕಟವಾದ ಅವರ ಚಿತ್ರಗಳು ಅಖಂಡ ಪ್ರಾಣಿಕೋಶದ ಮೊದಲ ಎಲೆಕ್ಟ್ರಾನ್ ಚಿತ್ರಗಳೆಂದು ಪರಿಗಣಿತವಾಗಿವೆ. ದಪ್ಪವಾದ ನಡುಭಾಗ ಕಪ್ಪಾಗಿಯೇ ಉಳಿದರೂ ತೆಳು ಅಂಚುಗಳಲ್ಲಿ ಮೈಟೊಕಾಂಡ್ರಿಯಗಳೂ ಕಸೂತಿಯಂಥ ಒಂದು ಜಾಲವೂ ಗೋಚರಿಸಿದವು. ಈ ಜಾಲವೇ ಮುಂದೆ ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಹೆಸರು ಪಡೆಯಿತು. ಕ್ಲೋಡ್ ಬೇರ್ಪಡಿಸಿದ್ದ ಮೈಕ್ರೊಸೋಮುಗಳು ಬಹುಮಟ್ಟಿಗೆ ಇದರ ತುಣುಕುಗಳೇ ಎಂದು ಪಲಾಡೆ ಮೊದಲಾದವರ ಅಧ್ಯಯನಗಳು ತೋರಿಸಿಕೊಟ್ಟವು.

ಕೋಶದ ದಪ್ಪ ಭಾಗವನ್ನೂ ನೋಡುವ ಸಲುವಾಗಿ ಕ್ಲೋಡ್ ಮತ್ತು ಫುಲ್ಲಮ್ ೧೯೪೬ರಲ್ಲಿ ಅಂಗಾಂಶವನ್ನು ತೆಳುಹಾಳೆಗಳಾಗಿ ಕತ್ತರಿಸುವ ಅತಿವೇಗದ ಯಂತ್ರವೊಂದನ್ನು ಪ್ರಯೋಗಿಸಿದರು. ಆದರೆ ಅತಿವೇಗದ ಈ ಮಾರ್ಗ ಬಳಕೆಯಲ್ಲಿ ನಿಲ್ಲಲಿಲ್ಲ. ಗಾಜಿನ ಅಲಗಿನಿಂದ ನಿಧಾನವಾಗಿ ಕತ್ತರಿಸುವ ಕ್ರಮವು ಅನಂತರ ರೂಢಿಗೆ ಬಂದಿತು. ಪೋರ್ಟರ್ ಮತ್ತು ಎಡ್ವರ್ಡ್ ಪಿಕಲ್ಸ್ ಅವರೊಂದಿಗೆ ೧೯೪೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಳಿಯ ಗಡ್ಡೆಯ ಕೋಶಗಳೊಳಗೆ ವೈರಸ್ಸಿನಂಥ ಕಣಗಳನ್ನು ಅವರು ಗುರುತಿಸಿದರು.

ಬ್ರಸೆಲ್ಸ್‌ನಲ್ಲಿ ಕೊನೆಯ ವರ್ಷಗಳು

೧೯೪೦ರ ದಶಕದ ಕೊನೆಯಲ್ಲಿ ತಾಯ್ನಾಡಿಗೆ ಮರಳಿದ ಕ್ಲೋಡ್, ಬ್ರಸೆಲ್ಸ್‌ನ ಜೂಲ್ ಬೋರ್ಡೆ ಕ್ಯಾನ್ಸರ್ ಸಂಸ್ಥೆಯ ನಿರ್ದೇಶಕರಾಗಿ ೧೯೭೧ರವರೆಗೆ ಸೇವೆ ಸಲ್ಲಿಸಿದರು. ೧೯೭೦ರಲ್ಲಿ ಪಲಾಡೆ ಮತ್ತು ಪೋರ್ಟರ್ ಅವರೊಡನೆ ಲೂಯಿಸಾ ಗ್ರಾಸ್ ಹೋರ್ವಿಟ್ಜ್ ಪ್ರಶಸ್ತಿ ದೊರೆಯಿತು. ೧೯೭೪ರ ನೊಬೆಲ್ ಪ್ರಶಸ್ತಿಯಲ್ಲಿ ಪೋರ್ಟರ್ ಅವರ ಹೆಸರು ಸೇರಿರಲಿಲ್ಲ. ೧೯೮೩ರ ಮೇ ೨೨ರಂದು ಕ್ಲೋಡ್ ಬ್ರಸೆಲ್ಸ್‌ನಲ್ಲಿ ನಿಧನರಾದರು.

ಪ್ರಭಾವ

ಮಾದರಿಯ ಶುದ್ಧತೆ, ಆರೋಗ್ಯವಂತ ಅಂಗಾಂಶದೊಡನೆ ಹೋಲಿಕೆ ಮತ್ತು ರಚನೆ ಕೆಡದಂತೆ ಸ್ಥಿರಗೊಳಿಸುವಿಕೆ ಕ್ಲೋಡ್ ಅವರ ಕಾರ್ಯವಿಧಾನದ ಮೂರು ಆಧಾರಗಳಾಗಿದ್ದವು. ಇಂದು ಪ್ರೋಟೀನಿನ ದ್ರಾವಣವನ್ನು ಒಣಗಿಸದೆ, ನೀರು ಹರಳುಗಟ್ಟುವ ಮೊದಲೇ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ನೋಡುವ ಪದ್ಧತಿಯಿದೆ. ಈ ಕ್ಷೇತ್ರದ ಸಾಧನೆಗಾಗಿ ಜಾಕ್ ಡುಬೋಶೆ, ಯೋಆಕಿಮ್ ಫ್ರಾಂಕ್ ಮತ್ತು ರಿಚರ್ಡ್ ಹೆಂಡರ್ಸನ್ ೨೦೧೭ರ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಉಪಕರಣಗಳು ಬದಲಾಗಿದ್ದರೂ ಅಧ್ಯಯನಕ್ಕೆ ಬೇಕಾದ ಕಣಗಳನ್ನು ಸೆಂಟ್ರಿಫ್ಯೂಜಿನಿಂದ ಬೇರ್ಪಡಿಸುವ ಕ್ರಮ ಪ್ರಯೋಗಾಲಯಗಳಲ್ಲಿ ಈಗಲೂ ಬಳಕೆಯಲ್ಲಿದೆ.