ಖಾಲಿ ಕುರ್ಚಿಯ ಆಟಗಾರ

1990ರಲ್ಲಿ ಲಾಸ್ ವೇಗಾಸ್‌ನ ಬಿನಿಯನ್ಸ್ ಹಾರ್ಸ್‌ಷೂ ಕ್ಯಾಸಿನೋದಲ್ಲಿ ನಡೆದ ವಿಶ್ವ ಪೋಕರ್ ಸರಣಿಯ ಪ್ರಧಾನ ಪಂದ್ಯ. ಮೂರನೆಯ ದಿನ ಸ್ಟೂ ಉಂಗರ್ ಬರಲೇ ಇಲ್ಲ. ಮಾದಕವಸ್ತುವಿನ ಅತಿಸೇವನೆಯಿಂದ ಹೋಟೆಲ್ ಕೋಣೆಯಲ್ಲಿ ಪ್ರಜ್ಞೆತಪ್ಪಿ ಬಿದ್ದಿದ್ದ. ಆಟಗಾರನಿಲ್ಲದಿದ್ದರೂ ಆತನ ಬಿಲ್ಲೆಗಳಿಂದ ಸುತ್ತುಸುತ್ತಿಗೂ ಕಡ್ಡಾಯ ಪಣವನ್ನು ಕಳೆಯುತ್ತ ಹೋಗುವುದು ನಿಯಮ. ಆದರೆ ಅದುವರೆಗೆ ಗೆದ್ದು ರಾಶಿ ಹಾಕಿದ್ದ ಬಿಲ್ಲೆಗಳು ಕರಗುವಷ್ಟರಲ್ಲಿ ಉಳಿದವರೇ ಒಬ್ಬೊಬ್ಬರಾಗಿ ನಿರ್ಗಮಿಸಿ, ಖಾಲಿ ಕುರ್ಚಿಗೆ ಒಂಬತ್ತನೆಯ ಸ್ಥಾನ ದಕ್ಕಿತು!

1953ರಲ್ಲಿ ನ್ಯೂಯಾರ್ಕ್‌ನಲ್ಲಿ ಜನಿಸಿದ ಉಂಗರ್ ಜಿನ್ ರಮ್ಮಿಯಲ್ಲಿ ಬಾಲಪ್ರತಿಭೆ. ಎದುರಾಡುವವರೇ ಸಿಗದಾದಾಗ ಪೋಕರ್‌ನತ್ತ ತಿರುಗಿ, 1980 ಮತ್ತು 1981ರಲ್ಲಿ ಪ್ರಧಾನ ಪಂದ್ಯ ಗೆದ್ದ. ಗೆದ್ದ ಹಣವೆಲ್ಲ ಕುದುರೆ ಬಾಜಿ, ಕೊಕೇನ್‌ಗಳ ಪಾಲಾಯಿತು.

1997ರ ಹೊತ್ತಿಗೆ ಆತ ಬರಿಗೈದಾಸ. 10,000 ಡಾಲರ್ ಪ್ರವೇಶ ಶುಲ್ಕವನ್ನು ಬಿಲ್ಲಿ ಬ್ಯಾಕ್ಸ್‌ಟರ್ ಭರಿಸಿದರು. 312 ಸ್ಪರ್ಧಿಗಳಿದ್ದ ಕಣದಲ್ಲಿ ಉಂಗರ್ ಅಂತಿಮ ಹಣಾಹಣಿಯವರೆಗೂ ಬಂದ. ಎದುರಾಳಿ ಜಾನ್ ಸ್ಟ್ರೆಂಪ್‌ಗಿಂತ ಹಿಂದಿದ್ದ ಆ ಕೊನೆಯ ಕೈಯಲ್ಲಿ, ಕಟ್ಟಕಡೆಯ ಎಲೆಯಾಗಿ ಎರಡು ಬಿದ್ದು ಗೆಲುವು ಒಲಿಯಿತು. ಬಹುಮಾನ 10 ಲಕ್ಷ ಡಾಲರ್, ಅರ್ಧ ಬ್ಯಾಕ್ಸ್‌ಟರ್‌ಗೆ.

ಮರುವರ್ಷವೂ ಶುಲ್ಕ ಕಟ್ಟಲು ಬ್ಯಾಕ್ಸ್‌ಟರ್ ಸಿದ್ಧರಿದ್ದರು. ಉಂಗರ್ ಆಡಲೊಲ್ಲೆನೆಂದ. 1998ರ ನವೆಂಬರ್ 22ರಂದು ಲಾಸ್ ವೇಗಾಸ್‌ನ ಅಗ್ಗದ ಮೋಟೆಲ್ ಒಂದರಲ್ಲಿ ಆತನ ಶವ ದೊರೆಯಿತು. ವಯಸ್ಸು 45.